ಒಬ್ಬೊಬ್ಬರೇ ಕಲಿಯುವುದು, ಕೂಡಿ ಕಲಿಯುವುದು: ನಲಿ-ಕಲಿಯಿಂದ ಹೈಸ್ಕೂಲಿನವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತರಬೇತಿಗಳಲ್ಲಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗಳಲ್ಲಿ, ಪತ್ರಗಳಲ್ಲಿ ಶಿಕ್ಷಕರೂ ಪೋಷಕರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇವೆ. ಮೊದಲು ಬುಡದ ಸಂಗತಿಗಳು, ಆಮೇಲೆ ನಲಿ-ಕಲಿ (ಸರ್ಕಾರಿ ಶಾಲೆಯ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ) ಕೊಠಡಿಯ ದಿನದ ಕೆಲಸ, ಕೊನೆಗೆ ಮೇಲಿನ ತರಗತಿಗಳು. ಯಾವ ಪ್ರಶ್ನೆಯಿಂದ ಬೇಕಾದರೂ ಓದಬಹುದು.

## ಮೊದಲ ಮಾತು

ಮಗು ತನ್ನ ವೇಗದಲ್ಲಿ ಕಲೀಬೇಕು ಅಂತೀರಿ, ಆಮೇಲೆ ಗುಂಪಲ್ಲಿ ಕೂರಿಸ್ತೀರಿ. ಎರಡರಲ್ಲಿ ಯಾವುದು ಸರಿ?

ಎರಡೂ ಸರಿ, ಏಕೆಂದರೆ ಅವು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ. ಮಗು ಇವತ್ತು ಯಾವ ಕೆಲಸ ಮಾಡಬೇಕು ಎಂಬುದು ಆ ಮಗುವಿಗೇ ಸೇರಿದ್ದು. ಅದನ್ನು ಮಾಡಲು ಯಾರ ನೆರವು ಬೇಕು ಎಂಬುದು ಗುಂಪಿನ ವಿಷಯ. ನಲಿ-ಕಲಿ ಈ ಎರಡನ್ನೂ ಬಿಡಿಸಿಟ್ಟಿದೆ: ಕಲಿಕಾ ಏಣಿ (ಕಲಿಯಬೇಕಾದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟ) ಮೊದಲನೆಯದನ್ನು ಹೇಳುತ್ತದೆ, ತಟ್ಟೆಗಳು (ಬೇಕಾದ ನೆರವಿಗೆ ತಕ್ಕಂತೆ ಮಕ್ಕಳು ಕೂರುವ ಗುಂಪುಗಳು) ಎರಡನೆಯದನ್ನು ಹೇಳುತ್ತವೆ. ಏಣಿಯ ಬೇರೆ ಬೇರೆ ಮೆಟ್ಟಿಲಲ್ಲಿರುವ ಐದು ಮಕ್ಕಳು ಒಂದೇ ತಟ್ಟೆಯಲ್ಲಿ ಕೂರಬಹುದು, ಏಕೆಂದರೆ ಐವರಿಗೂ ಬೇಕಿರುವುದು ಒಂದೇ ಬಗೆಯ ನೆರವು.

ಈ ಪದ್ಧತಿ 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಮೈಸೂರು ಜಿಲ್ಲೆಯ ಎಚ್‌.ಡಿ. ಕೋಟೆ ತಾಲೂಕಿನಲ್ಲಿ ಶುರುವಾಯಿತು. ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ನಮ್ಮ ಸರ್ಕಾರಿ ಶಾಲೆಯ ಶಿಕ್ಷಕರೇ ಕಾರ್ಡುಗಳನ್ನು ಬರೆದರು. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆ ಹರಡಿತು.

ತಟ್ಟೆ ಅಂದ್ರೆ ಜಾಣರು, ದಡ್ಡರು ಅಂತ ಬೇರೆ ಮಾಡೋದೇ ತಾನೆ?

ಹಾಗಾಗಬಾರದು. ಆದರೆ ಎಷ್ಟೋ ಕೊಠಡಿಗಳಲ್ಲಿ ಹಾಗೇ ಆಗಿಬಿಟ್ಟಿದೆ. ತಟ್ಟೆಗಳು ಐದು: ಶಿಕ್ಷಕರ ಪೂರ್ಣ ನೆರವು, ಶಿಕ್ಷಕರ ಅರೆ ನೆರವು, ಗೆಳೆಯರ ಪೂರ್ಣ ನೆರವು, ಗೆಳೆಯರ ಅರೆ ನೆರವು, ಸ್ವಕಲಿಕೆ. ಹೊಸ ಅಕ್ಷರ ಕಲಿಯುವ ದಿನ ಯಾವ ಮಗುವಾದರೂ ಒಂದನೇ ತಟ್ಟೆಗೇ ಬರಬೇಕು. ನಿನ್ನೆ ಐದನೇ ತಟ್ಟೆಯಲ್ಲಿ ಒಬ್ಬಳೇ ಕೂತು ಬರೆದ ಹುಡುಗಿ ಇವತ್ತು ಹೊಸ ಮೈಲಿಗಲ್ಲಿಗೆ (ಏಣಿಯ ಮುಂದಿನ ಹಂತಕ್ಕೆ) ಕಾಲಿಟ್ಟರೆ ಮತ್ತೆ ಟೀಚರ ಪಕ್ಕ.

ನಿಮ್ಮ ಕೊಠಡಿ ಹೇಗಿದೆ ಎಂದು ತಿಳಿಯಲು ಸುಲಭ ದಾರಿ ಒಂದಿದೆ. ಎರಡು ವಾರ, ದಿನವೂ ಒಂದನೇ ತಟ್ಟೆಯಲ್ಲಿ ಕೂತವರ ಹೆಸರು ಮಾತ್ರ ಬರೆದಿಡಿ. ಹತ್ತು ದಿನವೂ ಅವೇ ಆರು ಹೆಸರು ಬಂದಿದ್ದರೆ ಅದು ತಟ್ಟೆಯಲ್ಲ, ಹಿಂದಿನ ಬೆಂಚು. ನಲಿ-ಕಲಿ ಕೆಡುವುದು ಕಾರ್ಡಿನ ಕೊರತೆಯಿಂದ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಪ್ರಕಾರ ಅದಕ್ಕಿಂತ ಹೆಚ್ಚಾಗಿ ಅದು ಕೆಡುವುದು ಕದಲದ ಗುಂಪಿನಿಂದ.

ಅ ಆ ಇ ಈ ಬಿಟ್ಟು "ರ ಗ ಸ ದ ಅ" ಅಂತ ಯಾಕೆ ಶುರು ಮಾಡ್ತಾರೆ? ಮನೇಲಿ ಕಲಿಸಿದ್ದೆಲ್ಲ ಹಾಳಾಯ್ತಲ್ಲ!

ಹಾಳಾಗುವುದಿಲ್ಲ, ಮನೆಯಲ್ಲಿ ವರ್ಣಮಾಲೆ ಹೇಳಿಸಿ, ಅಡ್ಡಿಯಿಲ್ಲ. ಆದರೆ ಅ ಆ ಇ ಈ ಉ ಕಲಿತ ಮಗು ಆ ಐದರಿಂದ ಏನು ಓದಬಲ್ಲದು? "ಆ", "ಈ" ಬಿಟ್ಟರೆ ಹೆಚ್ಚೇನಿಲ್ಲ. ರ ಗ ಸ ದ ಅ ಕಲಿತ ಮಗು ಸರ, ರಸ, ದರ, ಅರಸ, ಅಗಸ, ಗರಗಸ ಎಂದು ಓದುತ್ತದೆ. ಗುಣಿತ ಬೇಡ, ಒತ್ತಕ್ಷರ ಬೇಡ. ಇದು ಬರೀ ಅಕ್ಷರದ ವಿಷಯವೂ ಅಲ್ಲ. ಐದು ಅಕ್ಷರಕ್ಕೇ ಪದ ಓದಬಲ್ಲ ಮಗು ಒಂದು ಕಾರ್ಡು ಹಿಡಿದು ಟೀಚರಿಲ್ಲದೆ ಹತ್ತು ನಿಮಿಷ ಕೆಲಸ ಮಾಡಬಲ್ಲದು, ಪಕ್ಕದವನಿಗೆ ಓದಿ ಹೇಳಬಲ್ಲದು. ಅದಿಲ್ಲದೆ ಸ್ವಕಲಿಕೆಯೂ ಇಲ್ಲ, ಗೆಳೆಯರ ನೆರವೂ ಇಲ್ಲ.

ಒಂದು, ಎರಡು, ಮೂರನೇ ಕ್ಲಾಸಿನವರು ಒಂದೇ ಕೋಣೇಲಿ. ನನ್ನ ಮಗಳು ಚಿಕ್ಕವರ ಜೊತೆ ಕೂತು ಹಿಂದೆ ಬೀಳಲ್ವಾ?

ಅವಳ ಏಣಿ ಅವಳದೇ, ಚಿಕ್ಕವರು ಪಕ್ಕದಲ್ಲಿದ್ದರೆ ಅದು ಕೆಳಗಿಳಿಯುವುದಿಲ್ಲ. ಮೂರನೆಯವಳು ಒಂದನೆಯವನಿಗೆ ಹೇಳಿಕೊಡುವಾಗ ತಾನು ಕಲಿತದ್ದನ್ನು ಮತ್ತೆ ಬಿಡಿಸಿ ನೋಡುತ್ತಾಳೆ, ಇದು ಲಾಭವೇ. ತೊಂದರೆ ಬರುವುದು ಅವಳು ದಿನವೂ ಹೇಳಿಕೊಡುವವಳೇ ಆಗಿ, ತನ್ನ ಕಾರ್ಡು ಮುಟ್ಟದೇ ಹೋದಾಗ. ಶಾಲೆಗೆ ಹೋದಾಗ "ಮಗಳು ಹೇಗೆ ಓದುತ್ತಾಳೆ" ಎಂದು ಕೇಳಬೇಡಿ, "ಚೆನ್ನಾಗಿ ಓದುತ್ತಾಳೆ" ಎಂಬ ಉತ್ತರವಷ್ಟೇ ಸಿಗುತ್ತದೆ. ಗೋಡೆಯ ಮೇಲಿನ ಪ್ರಗತಿ ನೋಟದಲ್ಲಿ ಅವಳ ಸಾಲು ತೋರಿಸಿ ಎನ್ನಿ. ಕಳೆದ ತಿಂಗಳಿನಿಂದ ಎಷ್ಟು ಮನೆ ತುಂಬಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

## ಕೊಠಡಿಯ ಕೆಲಸ

28 ಮಕ್ಕಳು, ನಾನೊಬ್ಬಳೇ. ಐದು ತಟ್ಟೆ ಹೇಗೆ ಸಂಭಾಳಿಸೋದು?

ಐದನ್ನೂ ಒಟ್ಟಿಗೆ ಸಂಭಾಳಿಸಲು ಹೋದರೆ ಆಗುವುದಿಲ್ಲ. ಒಂದು ಹೊತ್ತಿಗೆ ಒಂದು ತಟ್ಟೆಯ ಜೊತೆ ಕೂರಬೇಕು, ಉಳಿದ ನಾಲ್ಕು ನಿಮ್ಮನ್ನು ಕೇಳದೆ ನಡೆಯುವಂತಿರಬೇಕು. 80 ನಿಮಿಷದ ಒಂದು ಅವಧಿ ಸುಮಾರಾಗಿ ಹೀಗೆ ಸಾಗುತ್ತದೆ.

ಮೊದಲ 10 ನಿಮಿಷ ಎಲ್ಲರೂ ಒಟ್ಟಿಗೆ: ಹಾಡು, ಕಥೆ ಅಥವಾ ಮಾತುಕತೆ. ಮುಂದಿನ 5 ನಿಮಿಷದಲ್ಲಿ ಮಕ್ಕಳು ಏಣಿ ನೋಡಿ, ಲೋಗೋ (ಕಾರ್ಡನ್ನು ಗುರುತಿಸುವ ಚಿಕ್ಕ ಚಿತ್ರ) ಗುರುತಿಸಿ, ಕಾರ್ಡು ತೆಗೆದುಕೊಂಡು ತಟ್ಟೆಗೆ ಹೋಗುತ್ತಾರೆ. 15ರಿಂದ 35ನೇ ನಿಮಿಷದವರೆಗೆ ನೀವು ಒಂದನೇ ತಟ್ಟೆಯಲ್ಲಿ, ನೆಲದ ಮೇಲೆ, ಮಕ್ಕಳ ಎತ್ತರದಲ್ಲಿ. ಆಮೇಲೆ 5 ನಿಮಿಷ ಎದ್ದು ಒಂದು ಸುತ್ತು. 40ರಿಂದ 55ರವರೆಗೆ ಎರಡನೇ ತಟ್ಟೆ. ನಂತರದ 15 ನಿಮಿಷ ಮೂರು ಮತ್ತು ನಾಲ್ಕನ್ನು ನೋಡಿ, ಐದರಲ್ಲಿ ಮೌಲ್ಯಮಾಪನಕ್ಕೆ ಬಂದವರನ್ನು ಒಬ್ಬೊಬ್ಬರಾಗಿ ಕೂರಿಸಿ ಕೇಳಿ. ಕೊನೆಯ 10 ನಿಮಿಷ ಕಾರ್ಡು ವಾಪಸ್ಸು, ದಾಖಲೆ, ಮತ್ತು ಇಬ್ಬರು ಮಕ್ಕಳು ಇವತ್ತು ಮಾಡಿದ್ದನ್ನು ಎಲ್ಲರಿಗೂ ತೋರಿಸುವುದು. ಅದನ್ನು ಚಪ್ಪರಕ್ಕೆ (ಮಕ್ಕಳ ಕೆಲಸ ತೂಗುಹಾಕಲು ಕೊಠಡಿಯೊಳಗೆ ತಲೆಯ ಮೇಲೆ ಕಟ್ಟಿದ ದಾರಗಳಿಗೆ) ತೂಗುಹಾಕಿದರೆ ನಾಳೆ ಇನ್ನಿಬ್ಬರು ತಾವೂ ತೋರಿಸುತ್ತೇವೆಂದು ಬರುತ್ತಾರೆ.

28 ಮಕ್ಕಳೆಂದರೆ ತಟ್ಟೆಗೆ ಐದಾರು ಜನ. ಒಂದನೇ ತಟ್ಟೆಯಲ್ಲಿ 14 ಜನ ಸೇರಿದ್ದರೆ ಹಿಂದಿನ ವಾರದ ಮೌಲ್ಯಮಾಪನ ಅವಸರದಲ್ಲಿ ನಡೆದಿದೆ ಎಂದೇ ಲೆಕ್ಕ: ಕಲಿಯದೆ ಮೇಲೆ ಹತ್ತಿದವರು ಮುಂದಿನ ಮೆಟ್ಟಿಲಲ್ಲಿ ಒಟ್ಟಿಗೆ ಸಿಕ್ಕಿಬೀಳುತ್ತಾರೆ. ಆಗ ಅವರನ್ನು ಮೆಟ್ಟಿಲಿನ ಪ್ರಕಾರ ಎರಡು ಮಾಡಿ. ಒಂದು ಪಾಲಿಗೆ ಹಿಂದಿನ ಮೈಲಿಗಲ್ಲಿನ ಅಭ್ಯಾಸದ ಕಾರ್ಡು ಕೊಟ್ಟು ಮೂರನೇ ತಟ್ಟೆಗೆ ಕಳಿಸಿ, ಇನ್ನೊಂದು ಪಾಲಿನ ಜೊತೆ ನೀವು ಕೂರಿ. ಮರುದಿನ ಅದಲು ಬದಲು.

ಗೆಳೆಯರ ನೆರವು ಅಂದ್ರೆ ಉತ್ತರ ಹೇಳಿಬಿಡೋದು ಅಂತಾಗಿದೆ. ಏನು ಮಾಡ್ಲಿ?

ನೆರವು ಕೊಡುವುದನ್ನೂ ಕಲಿಸಬೇಕು, ಅದು ಮಕ್ಕಳಿಗೆ ತಾನಾಗಿ ಬರುವುದಿಲ್ಲ. (ದೊಡ್ಡವರಿಗೂ ಅಷ್ಟೇ.) ಒಂದು ಲೆಕ್ಕ ನೋಡಿ: 52ರಲ್ಲಿ 27 ಕಳೆಯಬೇಕು. ಒಬ್ಬ ಹುಡುಗ 35 ಎಂದು ಬರೆದಿದ್ದಾನೆ. ಬಿಡಿ ಸ್ಥಾನದಲ್ಲಿ 2ರಿಂದ 7 ಹೋಗುವುದಿಲ್ಲವಾದ್ದರಿಂದ ತಿರುವಿ ಹಾಕಿ 7ರಿಂದ 2 ಕಳೆದು 5 ಬರೆದ. ಹತ್ತರ ಸ್ಥಾನದಲ್ಲಿ 5ರಿಂದ 2 ಕಳೆದು 3. ಗೆಳತಿ "25 ಬರಿ" ಎಂದರೆ ಅವನು ಅಳಿಸಿ 25 ಬರೆಯುತ್ತಾನೆ, ಮುಂದಿನ ಲೆಕ್ಕದಲ್ಲಿ ಮತ್ತೆ ತಿರುವುತ್ತಾನೆ.

ಗೆಳತಿಗೆ ಮೂರು ಮಾತು ಕಲಿಸಿ. "ಹೇಗೆ ಮಾಡಿದೆ, ಹೇಳು." "ಕಡ್ಡೀಲಿ ಮಾಡಿ ತೋರಿಸು." "ಇಲ್ಲಿವರೆಗೆ ಸರಿ, ಮುಂದೆ ನೋಡು." ಐದು ಕಟ್ಟು ಮತ್ತು ಎರಡು ಬಿಡಿ ಕಡ್ಡಿ ಮುಂದಿಟ್ಟು ಏಳು ಕಡ್ಡಿ ತೆಗಿ ಎಂದಾಗ ಹುಡುಗನ ಕೈ ಎರಡು ಕಡ್ಡಿ ತೆಗೆದು ನಿಲ್ಲುತ್ತದೆ. ಕಟ್ಟು ಬಿಚ್ಚಬೇಕು ಎಂದು ಅವನಿಗೆ ಹೊಳೆಯುವುದು ಅಲ್ಲಿ. ಜೊತೆಗೆ ಒಂದು ನಿಯಮ: ಇನ್ನೊಬ್ಬರ ಸ್ಲೇಟಿನ ಮೇಲೆ ತನ್ನ ಬಳಪ ಇಡುವಂತಿಲ್ಲ. ಈ ಒಂದೇ ನಿಯಮ ಗಟ್ಟಿಯಾಗಿ ಹಿಡಿದರೆ ಉತ್ತರ ಹೇಳಿಬಿಡುವುದು ಅರ್ಧಕ್ಕರ್ಧ ಇಳಿಯುತ್ತದೆ. ಈ ಮೂರು ಮಾತನ್ನು ನೀವೇ ಎಲ್ಲರೆದುರು ಒಂದು ಮಗುವಿನ ಜೊತೆ ಆಡಿ ತೋರಿಸಬೇಕು, ಒಂದು ದಿನವಲ್ಲ, ಒಂದು ವಾರ.

ಹೇಳಿಕೊಡುವವರು ಯಾರಾಗಬೇಕು? ಕೊಠಡಿಯ ಅತಿ ಚುರುಕಾದವರೇ ಆಗಬೇಕಿಲ್ಲ. ಆ ಮೆಟ್ಟಿಲನ್ನು ಕಳೆದ ವಾರವಷ್ಟೇ ದಾಟಿದ ಮಗು ಎಲ್ಲಿ ಕಾಲು ಜಾರುತ್ತದೆ ಎಂಬುದನ್ನು ಇನ್ನೂ ಮರೆತಿರುವುದಿಲ್ಲ. ಹೆಚ್ಚಿನ ಸಲ ಅದೇ ಒಳ್ಳೆಯ ಆಯ್ಕೆ.

ಕಾರ್ಡು ಹರಿದಿವೆ, ಕೆಲವು ಕಳೆದೇ ಹೋಗಿವೆ. ಹೊಸದು ಬರೋವರೆಗೆ?

ಕಾದರೆ ಆ ಮೆಟ್ಟಿಲಿನ ಮಕ್ಕಳೆಲ್ಲ ಅಲ್ಲೇ ನಿಲ್ಲುತ್ತಾರೆ. ಪಕ್ಕದ ಶಾಲೆಯಿಂದ ಕಾರ್ಡು ತರಿಸಿ, ಹಳೆಯ ಆಮಂತ್ರಣ ಪತ್ರಿಕೆಯ ಖಾಲಿ ಬದಿಯಲ್ಲಿ ಅದೇ ಲೋಗೋ, ಅದೇ ಸಂಖ್ಯೆ ಹಾಕಿ ನಕಲು ಬರೆಯಿರಿ. ಲೋಗೋ ತಪ್ಪಿದರೆ ಕಾರ್ಡಿದ್ದೂ ಇಲ್ಲದಂತೆ, ಏಕೆಂದರೆ ಮಗು ಹುಡುಕುವುದು ಚಿತ್ರವನ್ನು. ಪರಿಚಯದ ಕಾರ್ಡಿಗಿಂತ ಅಭ್ಯಾಸದ ಕಾರ್ಡುಗಳನ್ನು ಮೊದಲು ಬರೆಯಿರಿ. ಪರಿಚಯವನ್ನು ನೀವು ಬಾಯಲ್ಲಿ ಮಾಡಬಹುದು, ಅಭ್ಯಾಸವನ್ನು ಮಗು ನೀವಿಲ್ಲದೆ ಮಾಡಬೇಕು.

ಕಬ್ಬು ಕಡಿಯೋಕೆ ಅಪ್ಪ-ಅಮ್ಮನ ಜೊತೆ ಹೋದ ಮಗು ಎರಡು ತಿಂಗಳ ಮೇಲೆ ಬಂತು. ಎಲ್ಲಿಗೆ ಕೂರಿಸ್ಲಿ?

ಇಡೀ ತರಗತಿಗೆ ಒಂದೇ ಪಾಠ ನಡೆಯುವ ಕಡೆ ಈ ಮಗು ಕಳೆದುಹೋಗುತ್ತದೆ. ಏಣಿ ಇರುವ ಕಡೆ ಅದು ಬಿಟ್ಟ ಮೆಟ್ಟಿಲು ಅಲ್ಲೇ ಇರುತ್ತದೆ. ಆದರೆ ಬಿಟ್ಟಲ್ಲಿಂದಲೇ ಶುರು ಮಾಡಬೇಡಿ. ಕೊನೆಗೆ ಮುಗಿಸಿದ ಎರಡು ಮೈಲಿಗಲ್ಲುಗಳ ಮೌಲ್ಯಮಾಪನ ಕಾರ್ಡು ಕೊಟ್ಟು ನೋಡಿ, ಮರೆತದ್ದು ಅಲ್ಲಿ ತಿಳಿಯುತ್ತದೆ. ಮೊದಲ ವಾರ ಮೂರನೇ ತಟ್ಟೆಯಲ್ಲಿ ಕೂರಿಸಿ: ಅಕ್ಷರಕ್ಕಿಂತ ಮೊದಲು ಮಗುವಿಗೆ ಗೆಳೆಯರು ಬೇಕಾಗಿರುತ್ತಾರೆ.

ಮನೇಲಿ ಕನ್ನಡ ಇಲ್ಲ. ಗುಂಪಲ್ಲಿ ಬಾಯೇ ಬಿಡಲ್ಲ.

ಲಂಬಾಣಿ ತಾಂಡಾ, ಜೇನುಕುರುಬರ ಹಾಡಿ, ಗಡಿಯ ತೆಲುಗು, ಮರಾಠಿ ಮನೆಗಳ ಮಕ್ಕಳ ವಿಷಯದಲ್ಲಿ ಇದನ್ನು ಎಲ್ಲೆಡೆ ಕೇಳುತ್ತೇವೆ. ಸುಮ್ಮನಿರುವ ಮಗು ಕಲಿಯುತ್ತಿಲ್ಲ ಎಂದಲ್ಲ, ಎಷ್ಟೋ ವಾರ ಕೇಳಿಸಿಕೊಂಡು ಆಮೇಲೆ ಮಾತಾಡುತ್ತದೆ. ಆರು ಜನರ ಗುಂಪಿಗಿಂತ ಇಬ್ಬರ ಜೋಡಿಯಲ್ಲಿ ಬೇಗ ಬಾಯಿ ಬಿಡುತ್ತದೆ. ಎರಡೂ ಭಾಷೆ ಬಲ್ಲ ಮಗು ಕೊಠಡಿಯಲ್ಲಿದ್ದರೆ ಆ ಜೋಡಿ ಮಾಡಿ, ಮನೆಮಾತಿನಲ್ಲಿ ಚರ್ಚೆ ನಡೆಯಲಿ, ಉತ್ತರ ಕನ್ನಡದಲ್ಲಿ ಬರಲಿ. "ಕನ್ನಡದಲ್ಲೇ ಮಾತಾಡಿ" ಎಂದು ಗದರಿದರೆ ಎರಡೂ ಭಾಷೆ ನಿಲ್ಲುತ್ತವೆ.

ಗದ್ದಲ ಜಾಸ್ತಿ. ಸಿಆರ್‌ಪಿ (ಶಾಲೆ ನೋಡಲು ಬರುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದಾಗ ಮುಜುಗರ.

ಗದ್ದಲದಲ್ಲಿ ಎರಡು ಬಗೆ. ನಡುಕೋಣೆಯಲ್ಲಿ ನಿಂತು ಅರ್ಧ ನಿಮಿಷ ಕಿವಿಗೊಡಿ. ಕೇಳುತ್ತಿರುವುದು "ಗರಗಸ", "ಇಲ್ಲ ಕಣೋ, ಏಳು ತೆಗಿ" ಎಂಬಂಥ ಮಾತಾದರೆ ಬಿಟ್ಟುಬಿಡಿ. "ಟೀಚರ್, ಇವ್ನು ಕಾರ್ಡು ಕೊಡ್ತಿಲ್ಲ", "ಟೀಚರ್, ಆಯ್ತು" ಎಂದಾದರೆ ಕಾರ್ಡಿನ ಜಾಗ ಕಿರಿದಾಗಿದೆ ಅಥವಾ ಮುಗಿಸಿದವರಿಗೆ ಮುಂದೇನು ಎಂದು ಗೊತ್ತಿಲ್ಲ. ಕಾರ್ಡಿನ ರ್‍ಯಾಕು ಎರಡು ಕಡೆ ಇಡಿ, "ಆಯ್ತು" ಎಂದವರಿಗೆ ಗೋಡೆಯ ಕೆಳಭಾಗದ ಕಪ್ಪುಹಲಗೆಯಲ್ಲಿ ತಮ್ಮ ಜಾಗ ತೋರಿಸಿ.

ದಾಖಲೆ ಬರೆಯೋದರಲ್ಲೇ ಅರ್ಧ ದಿನ ಹೋಗುತ್ತೆ.

ದಿನಕ್ಕೆ 28 ಮಕ್ಕಳ ಬಗ್ಗೆ ಬರೆಯಬೇಡಿ. ಇಲಾಖೆ ಕೇಳುವುದನ್ನು ತುಂಬಿ, ಅದರಾಚೆ ಒಂದು ಸಣ್ಣ ಪುಸ್ತಕದಲ್ಲಿ ದಿನಕ್ಕೆ ಆರು ಮಕ್ಕಳ ಬಗ್ಗೆ ಒಂದೊಂದು ಸಾಲು ಬರೆಯಿರಿ. ಐದು ದಿನದಲ್ಲಿ ಒಂದು ಸುತ್ತು ಮುಗಿಯುತ್ತದೆ. ಸಾಲು "ಚುರುಕಾಗಿದ್ದಾನೆ" ಎಂದಿರಬಾರದು. "ದ, ಧ ಗೊಂದಲ, ಜೋಡಿಯಲ್ಲಿ ಓದಿದಾಗ ಸರಿ" ಎಂದಿರಬೇಕು. ನಾಳೆಯ ತಟ್ಟೆ ಅದರಿಂದಲೇ ನಿರ್ಧಾರವಾಗುತ್ತದೆ.

## ಮೇಲಿನ ತರಗತಿಗಳು

ಮೂರನೇ ಕ್ಲಾಸಿನವರೆಗೆ ಏಣಿ, ನಾಲ್ಕಕ್ಕೆ ಬಂದ ಕೂಡಲೇ ಪಠ್ಯಪುಸ್ತಕ, ಸಾಲು ಬೆಂಚು. ಮಕ್ಕಳು ತಬ್ಬಿಬ್ಬಾಗ್ತಾರೆ.

ನಿಜವಾದ ಕೊರತೆಯೇ ಇದು. ಏಣಿಯನ್ನು ಪೂರ್ತಿ ತರಲಾಗದಿದ್ದರೂ ಅದರ ಒಂದು ಗುಣವನ್ನು ಉಳಿಸಿಕೊಳ್ಳಬಹುದು. ಜೂನ್ ಮೊದಲ ವಾರ ಪ್ರತಿ ಮಗುವಿನಿಂದ ಒಂದು ಪ್ಯಾರಾ ಓದಿಸಿ, ಒಂದು ಕಳೆಯುವ ಲೆಕ್ಕ, ಒಂದು ಭಾಗಾಕಾರ ಮಾಡಿಸಿ. ಮಗುವಿಗೆ ಐದಾರು ನಿಮಿಷ ಸಾಕು. ಅಕ್ಷರ, ಪದ, ವಾಕ್ಯ, ಕಥೆ ಎಂದು ಯಾರು ಎಲ್ಲಿದ್ದಾರೆಂದು ತಿಳಿಯುತ್ತದೆ. ದಿನಕ್ಕೆ ಒಂದು ಅವಧಿ ಈ ಮಟ್ಟದ ಗುಂಪುಗಳಲ್ಲಿ, ಉಳಿದ ಅವಧಿಗಳಲ್ಲಿ ಎಲ್ಲ ಮಟ್ಟದವರೂ ಬೆರೆತ ಗುಂಪುಗಳಲ್ಲಿ. ಮಟ್ಟದ ಗುಂಪು ದಿನವಿಡೀ ನಡೆದರೆ ಕೆಳಗಿನವರಿಗೆ ಒಳ್ಳೆಯ ಮಾತು, ಒಳ್ಳೆಯ ಪ್ರಶ್ನೆ ಕೇಳುವ ಅವಕಾಶವೇ ತಪ್ಪಿಹೋಗುತ್ತದೆ. ಆರು ವಾರಕ್ಕೊಮ್ಮೆ ಮತ್ತೆ ಓದಿಸಿ ಗುಂಪು ಬದಲಿಸಿ.

ಕಾನೂನು ಕೂಡ ಇದನ್ನೇ ಹೇಳುತ್ತದೆ: 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಂ ಪ್ರಕಾರ ಪ್ರತಿ ಮಗುವಿನ ಕಲಿಕೆಯ ಮಟ್ಟ ಅಳೆದು ಬೇಕಾದ ಹೆಚ್ಚಿನ ಬೋಧನೆ ಕೊಡುವುದು ಶಿಕ್ಷಕರ ಕರ್ತವ್ಯ.

ಹೈಸ್ಕೂಲಲ್ಲಿ ಗುಂಪು ಕೆಲಸ ಅಂದ್ರೆ ಒಬ್ಬ ಮಾಡ್ತಾನೆ, ಮೂವರು ನೋಡ್ತಾರೆ.

ಒಬ್ಬನೇ ಮಾಡಬಹುದಾದ ಕೆಲಸವನ್ನು ನಾಲ್ವರಿಗೆ ಕೊಟ್ಟರೆ ಒಬ್ಬನೇ ಮಾಡುತ್ತಾನೆ, ಅದು ಸೋಮಾರಿತನವಲ್ಲ, ಲೆಕ್ಕಾಚಾರ. ನಾಲ್ವರಲ್ಲಿ ಪ್ರತಿಯೊಬ್ಬರ ಕೈಯಲ್ಲೂ ಉಳಿದ ಮೂವರ ಬಳಿ ಇಲ್ಲದ ತುಣುಕೊಂದು ಇರಬೇಕು. ಜಿಗ್ಸಾ ಎಂಬ ಪದ್ಧತಿಯ ತಿರುಳು ಇದೇ. ಎಲಿಯಟ್ ಆರನ್‌ಸನ್ 1971ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್‌ನಲ್ಲಿ ಇದನ್ನು ರೂಪಿಸಿದರು. ಆಗಷ್ಟೇ ಬಿಳಿಯ ಮತ್ತು ಕಪ್ಪು ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿದ್ದರಿಂದ ತರಗತಿಗಳು ಕುದಿಯುತ್ತಿದ್ದ ಕಾಲವದು.

ನಮ್ಮ ಪಾಠಕ್ಕೆ ಹಾಕಿ ನೋಡೋಣ: ಕರ್ನಾಟಕದ ಮಣ್ಣುಗಳು. ತುಣುಕು ನಾಲ್ಕು: ಕೆಂಪು, ಕಪ್ಪು, ಜಂಬಿಟ್ಟಿಗೆ, ಕರಾವಳಿಯ ಮೆಕ್ಕಲು. 36 ಮಕ್ಕಳಿದ್ದರೆ ನಾಲ್ವರ ಒಂಬತ್ತು ಮನೆಗುಂಪು. ಪ್ರತಿ ಮನೆಗುಂಪಿನಲ್ಲಿ ಒಬ್ಬರಿಗೆ ಒಂದು ಮಣ್ಣು. ಕಪ್ಪುಮಣ್ಣು ಸಿಕ್ಕವರೆಲ್ಲ ಒಂದೆಡೆ ಸೇರಿದರೆ ಒಂಬತ್ತು ಜನ. ಇಲ್ಲೇ ಹೆಚ್ಚಿನವರು ಎಡವುವುದು: ಒಂಬತ್ತರ ಗುಂಪಿನಲ್ಲಿ ಮತ್ತೆ ಮೂವರೇ ಮಾತಾಡುತ್ತಾರೆ. ಅದನ್ನು ನಾಲ್ಕು ಮತ್ತು ಐದಾಗಿ ಒಡೆಯಿರಿ.

ಮೊದಲ ಅವಧಿ: 10 ನಿಮಿಷ ಒಬ್ಬೊಬ್ಬರೇ ಮೌನವಾಗಿ ತಮ್ಮ ತುಣುಕು ಓದುವುದು, ಇದನ್ನು ಬಿಟ್ಟರೆ ಮುಂದಿನದೆಲ್ಲ ಟೊಳ್ಳು. ಆಮೇಲೆ 20 ನಿಮಿಷ ಒಂದೇ ತುಣುಕಿನವರ ಚರ್ಚೆ: ಯಾವ ಶಿಲೆಯಿಂದ ಬಂತು, ನೀರು ಹಿಡಿಯುತ್ತದೆಯೇ, ಎಲ್ಲಿದೆ, ಏನು ಬೆಳೆಯುತ್ತದೆ. ಕಡೆಯ 10 ನಿಮಿಷದಲ್ಲಿ ಹೇಳಿಕೊಡಲು ಐದು ಅಂಶ ಬರೆದುಕೊಳ್ಳುವುದು. ನೀವು ಆ ಐದು ಅಂಶ ನೋಡಿಯೇ ಬಿಡಬೇಕು. ತಪ್ಪು ಕಲಿತವರು ಮನೆಗುಂಪಿಗೆ ಹೋದರೆ ತಪ್ಪು ಒಂಬತ್ತು ಕಡೆ ಹರಡುತ್ತದೆ.

ಎರಡನೇ ಅವಧಿ: ಮನೆಗುಂಪಿನಲ್ಲಿ ಒಬ್ಬೊಬ್ಬರಿಗೆ 5 ನಿಮಿಷ. ನಂತರ ನಾಲ್ಕೂ ತುಣುಕು ಬೇಕಾಗುವ ಒಂದು ಪ್ರಶ್ನೆ. ಉದಾಹರಣೆಗೆ, ಮಂಗಳೂರಿನಿಂದ ರಾಯಚೂರಿಗೆ ಹೊರಟ ಲಾರಿಯ ಕಿಟಕಿಯಿಂದ ಮಣ್ಣಿನ ಬಣ್ಣವೂ ಬೆಳೆಯೂ ಎಲ್ಲೆಲ್ಲಿ, ಯಾಕೆ ಬದಲಾಗುತ್ತವೆ? ಕೊನೆಯ 8 ನಿಮಿಷ ಒಬ್ಬೊಬ್ಬರಿಗೆ ಒಂದು ಚೀಟಿ, ಪ್ರತಿ ಮಣ್ಣಿನ ಬಗ್ಗೆ ಒಂದೊಂದು ಪ್ರಶ್ನೆ.

ಮಾರ್ಕ್ಸು ಗುಂಪಿಗೋ, ಒಬ್ಬೊಬ್ಬರಿಗೋ?

ಒಬ್ಬೊಬ್ಬರಿಗೆ. ನಾಲ್ವರಿಗೂ ಒಂದೇ ಅಂಕ ಕೊಟ್ಟರೆ ಕೆಲಸ ಮಾಡಿದವರಿಗೆ ಸಿಟ್ಟು, ಮಾಡದವರಿಗೆ ರೂಢಿ. ಗುಂಪಿಗೆ ಕೊಡಬೇಕೆಂದಿದ್ದರೆ ಮೆಚ್ಚುಗೆ ಕೊಡಿ: ಚೀಟಿಯಲ್ಲಿ ನಾಲ್ವರಲ್ಲಿ ಪ್ರತಿಯೊಬ್ಬರೂ ಕಳೆದ ಸಲಕ್ಕಿಂತ ಮೇಲೆ ಬಂದಿದ್ದರೆ ಆ ಗುಂಪಿನ ಹೆಸರು ಹಲಗೆಯ ಮೇಲೆ ಬರಲಿ. ಹೀಗೆ ಮಾಡಿದರೆ 3ರಿಂದ 5ಕ್ಕೆ ಬಂದ ಮಗುವೂ ಗುಂಪಿಗೆ ಬೇಕಾದವನಾಗುತ್ತಾನೆ.

ಈಗ ಆ್ಯಪ್ ಇದೆಯಲ್ಲ, ಪ್ರತಿ ಮಗುವಿಗೂ ಅದರ ಮಟ್ಟದ ಪ್ರಶ್ನೆ ಅದೇ ಕೊಡುತ್ತೆ. ಗುಂಪು ಯಾಕೆ?

ಅಭ್ಯಾಸಕ್ಕೆ ಆ್ಯಪ್ ಒಳ್ಳೆಯದೇ, ಬೇಸರವಿಲ್ಲದೆ ನೂರು ಲೆಕ್ಕ ಕೊಡುತ್ತದೆ. 35 ಬರೆದದ್ದು ತಪ್ಪು ಎಂದೂ ಹೇಳುತ್ತದೆ. ಆದರೆ ಹೆಚ್ಚಿನವು "ಹೇಗೆ ಮಾಡಿದೆ" ಎಂದು ಕೇಳುವುದಿಲ್ಲ, ಮಗು ಬಾಯಿಬಿಟ್ಟು ವಿವರಿಸುವ ಕೆಲಸ ಅಲ್ಲಿಲ್ಲ. ಶಾಲೆಯಲ್ಲಿರುವುದು ನಾಲ್ಕೇ ಟ್ಯಾಬ್ ಎಂದರೆ ಅದನ್ನೇ ಅನುಕೂಲ ಮಾಡಿಕೊಳ್ಳಿ: ಒಂದಕ್ಕೆ ಇಬ್ಬರು, ಒಬ್ಬರು ಮುಟ್ಟುವವರು, ಇನ್ನೊಬ್ಬರು ಹೇಳುವವರು. ಹೇಳುವವರು ಪರದೆ ಮುಟ್ಟುವಂತಿಲ್ಲ, ಮುಟ್ಟುವವರು ತಾವಾಗಿ ಉತ್ತರ ಆರಿಸುವಂತಿಲ್ಲ. ಐದು ಪ್ರಶ್ನೆಗೊಮ್ಮೆ ಜಾಗ ಬದಲು.

ಗುಂಪು ಬೇಡವೇ ಬೇಡ ಅನ್ನೋ ಹೊತ್ತು ಇದೆಯಾ?

ಇದೆ. ಮೊದಲ ಸಲ ಒಂದು ಕಥೆ ಓದುವಾಗ. ಲೆಕ್ಕವನ್ನು ನೋಡಿದ ಮೊದಲ ಎರಡು ನಿಮಿಷ: ಆಗಲೇ ಗುಂಪು ಬಾಯಿ ತೆರೆದರೆ ನಿಧಾನವಾಗಿ ಯೋಚಿಸುವ ಮಗು ಯೋಚನೆಯನ್ನೇ ಬಿಡುತ್ತದೆ. ಮೌಲ್ಯಮಾಪನದಲ್ಲಿ, ಖಂಡಿತ. ತರಗತಿಯಲ್ಲಿ ಯಾರಿಗೂ ಗೊತ್ತಿಲ್ಲದ ಹೊಸ ವಿಷಯದ ಮೊದಲ ಹತ್ತು ನಿಮಿಷವೂ ಹಾಗೆಯೇ. ಯಾರಿಗೂ ತಿಳಿಯದ್ದನ್ನು ಆರು ಜನ ಸೇರಿ ಚರ್ಚಿಸಿದರೆ ಊಹೆ ಬೆಳೆಯುತ್ತದೆ ಅಷ್ಟೇ, ಅಲ್ಲಿ ಶಿಕ್ಷಕರು ಎದ್ದು ನಿಂತು ಹಲಗೆಯ ಮೇಲೆ ನೇರವಾಗಿ ಹೇಳಿಕೊಡಬೇಕು. ಇನ್ನು ಕೆಲವು ಮಕ್ಕಳಿಗೆ ಕೆಲವು ದಿನ ಯಾರ ಜೊತೆಯೂ ಕೂರಲು ಮನಸ್ಸಿರುವುದಿಲ್ಲ. ಅಂಥ ದಿನ ಕಿಟಕಿಯ ಪಕ್ಕ ಒಂದು ಚಾಪೆ ಹಾಸಿ, ಕಾರ್ಡು ಕೊಟ್ಟು ಬಿಟ್ಟುಬಿಡಿ. ನಾಳೆ ಯಾವ ತಟ್ಟೆ ಎಂದು ಏಣಿ ನೋಡಿ ಹೇಳಿದರಾಯಿತು.